ಗ್ಯಾರೇಜಿಗೆ ತಂದ ಕೆಂಡ

ಅಮೆರಿಕದ ಡಬ್ಲಿನ್ನಿನ ನಮ್ಮ ಮನೆಯಲ್ಲಿ ಗ್ಯಾರೇಜಿನ ನೆತ್ತಿಯ ಮೇಲೇ ಒಂದು ಕೋಣೆಯಿದೆ. ಆ ಶನಿವಾರ ಮಧ್ಯಾಹ್ನ ಅಲ್ಲಿ ನನ್ನ ಅವ್ವ ಮಲಗಿದ್ದಳು. ಕೆಳಗೆ ನಾನು ಕೆಂಡದ ಹೊಗೆಯಲ್ಲಿ ಮಾಂಸ ಇಟ್ಟುಕೊಂಡು ಅದರ ಕಾವು ನೋಡುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವ ಒಂದೊಂದು ಸಣ್ಣ ಕೆಲಸವನ್ನೂ, ಮೇಲೆ ಅವಳು ಉಸಿರಾಡುತ್ತಿದ್ದಳು ಅನ್ನುವುದನ್ನು ನೆನಪಿನಲ್ಲಿಟ್ಟುಕೊಂಡೇ ಕೇಳಬೇಕು. ನನಗೆ ಮಾತ್ರ ಅವತ್ತು ಅದು ನೆನಪಿರಲಿಲ್ಲ.

ಮಾಂಸ ಅಂದರೆ ದನದ ಮಾಂಸ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಇಲ್ಲಿ ಅದಕ್ಕೆ ಚಕ್ ಅನ್ನುತ್ತಾರೆ, ಭುಜದ ಹತ್ತಿರದ ಭಾಗ. ಬಾರ್ಬೆಕ್ಯೂ ಪಂಡಿತರು ತೂಗಿ ನೋಡಿ ಕೊಳ್ಳುವ ದೊಡ್ಡ ತುಂಡುಗಳ ಪಕ್ಕದಲ್ಲಿ ಇದು ಅಗ್ಗದ ಮಾಲು, ಯಾರೂ ಹೊಗಳುವುದಿಲ್ಲ. ಅವಸರದಲ್ಲಿ ಬೇಯಿಸಿದರೆ ಚಪ್ಪಲಿ ಕಚ್ಚಿದ ಹಾಗೆ ಇರುತ್ತದೆ. ಅದನ್ನೇ ಉಪ್ಪು, ಮೆಣಸಿನ ಪುಡಿ ಸವರಿ, ಸಣ್ಣ ಕಾವಿನಲ್ಲಿ ಓಕ್ ಮರದ ಹೊಗೆಗೆ ಏಳೆಂಟು ಗಂಟೆ ಒಡ್ಡಿದರೆ ನಾರು ಬಿಟ್ಟುಕೊಂಡು, ನೆಣ ಕರಗಿ, ಬೆರಳಲ್ಲಿ ಎಳೆದರೆ ಎಳೆ ಎಳೆಯಾಗಿ ಬರುತ್ತದೆ. ಎಮರಿವಿಲ್‌ನ ಆಫೀಸಿನಲ್ಲಿ ಪಕ್ಕದ ಸೀಟಿನವನೊಬ್ಬ ಇದನ್ನು ನನಗೆ ಕಲಿಸಿಕೊಟ್ಟ. ವಾರವೆಲ್ಲ ಮೀಟಿಂಗಿನಲ್ಲಿ ಇನ್ನೊಬ್ಬರ ಮಾತಿಗೆ ತಲೆಯಾಡಿಸುವ ನನಗೆ ಈ ಕೆಲಸವೊಂದು ಸಂಪೂರ್ಣ ನನ್ನದು ಅನ್ನಿಸುತ್ತಿತ್ತು. ಬೇಗ ಮಾಡು ಎಂದು ಅದಕ್ಕೆ ಯಾರೂ ಹೇಳುವ ಹಾಗಿಲ್ಲ.

ಅವ್ವ ಮಂಡ್ಯದವಳು. ಬಾಡೂಟ ಅವಳಿಗೇನು ಹೊಸದಲ್ಲ. ಕುರಿ, ಕೋಳಿ ಎರಡರಲ್ಲೂ ಅವಳ ಕೈ ಮೀರಿಸಿದವರನ್ನು ನಾನು ಕಂಡಿಲ್ಲ. ಆದರೆ ದನದ ಮಾತೇ ಬೇರೆ. ಅಪ್ಪ ಹೋದ ಮೇಲೆ ಎರಡು ಹಸು ಕಟ್ಟಿಕೊಂಡು, ಬೆಳಗಿನ ಜಾವ ಎದ್ದು ಡೇರಿಗೆ ಹಾಲು ಹಾಕಿ, ನನ್ನನ್ನು ಎಂಜಿನಿಯರಿಂಗ್ ಓದಿಸಿದವಳು ಅವಳು. ಆರು ತಿಂಗಳಿಗೆಂದು ಅವಳು ಬಂದಾಗ ನಾನು ಈ ಮಾಂಸ ಬೇಯಿಸುವ ಕಬ್ಬಿಣದ ಡ್ರಮ್ಮನ್ನು, ಅಂದರೆ ಸ್ಮೋಕರನ್ನು, ಹಿತ್ತಿಲ ಮೂಲೆಗೆ ತಳ್ಳಿ ಟಾರ್ಪಾಲು ಹೊದಿಸಿದೆ. ಏನೇ ಇದು ಎಂದು ಕೇಳಿದ್ದಕ್ಕೆ ಗೊಬ್ಬರದ ಡ್ರಮ್ಮು ಅಂದೆ. ಅವಳು ಅದರ ಮೇಲೆ ಮೊರವಿಟ್ಟು ಐದು ತಿಂಗಳು ಸಂಡಿಗೆ ಒಣಗಿಸಿದಳು.

ಐದು ತಿಂಗಳು ಸುಮ್ಮನಿದ್ದ ನಾನು ಕೊನೆಯ ತಿಂಗಳಲ್ಲಿ ಯಾಕೆ ಸುಮ್ಮನಿರಲಿಲ್ಲ ಅಂದರೆ, ಸಿಟ್ಟು. ಆ ಶನಿವಾರದ ಹಿಂದಿನ ದಿನ, ಶುಕ್ರವಾರ, ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮೀಟಿಂಗಿನಲ್ಲಿ ನನ್ನ ಸರದಿ ಬಂದು ಮಾತು ಶುರು ಮಾಡಿದ್ದೆ, ಅಷ್ಟರಲ್ಲಿ ಅವ್ವ ತಲೆಗೆ ಸ್ನಾನ ಮಾಡಿ ಮನೆಗೆಲ್ಲ ಸಾಂಬ್ರಾಣಿ ಧೂಪ ಹಿಡಿದುಕೊಂಡು ಬಂದಳು. ಮಹಡಿಯ ಸೀಲಿಂಗಿನಲ್ಲಿದ್ದ ಹೊಗೆಯ ಅಲಾರಾಮು ಬಡಿದುಕೊಳ್ಳತೊಡಗಿತು. ಅದು ಬರೀ ಕೂಗುವ ಜಾತಿಯದಲ್ಲ, ನಡುನಡುವೆ ಒಂದು ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಎಚ್ಚರಿಕೆ ಹೇಳುತ್ತದೆ. ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಬಿದ್ದರೂ ಸಾಕು, ಆ ಹೆಂಗಸು ಶುರು ಮಾಡುತ್ತಿದ್ದಳು. "ಅವಳ್ಯಾರೋ ಗ್ವಾಡೆ ಒಳ್ಗಿಂದ ನನ್ನೇ ಬಯ್ತಾಳೆ ಕಣೆ," ಎಂದು ಅವ್ವ ಮೊದಮೊದಲು ನಗುತ್ತಿದ್ದಳು, ಆಮೇಲಾಮೇಲೆ ಹೆದರುತ್ತಿದ್ದಳು. ಅವತ್ತು ಅಲಾರಾಮು ನಿಲ್ಲಲಿಲ್ಲ. ಸ್ಕ್ರೀನಿನಲ್ಲಿ ಎಲ್ಲರ ಮುಖವೂ ನನ್ನನ್ನೇ ನೋಡುತ್ತಿತ್ತು. ನನ್ನ ತಲೆ ಕೆಟ್ಟುಹೋಯಿತು.

"ಎಷ್ಟು ಸಲ ಹೇಳ್ಬೇಕು ನಿಂಗೆ," ಅಂದೆ.

"ಸುಕ್ರವಾರ ಕಣವ್ವ. ಒಂದ್ ಧೂಪ ಹಾಕಕ್ಕೂ ಅಪ್ಪಣೆ ಬೇಕಾ ನಿನ್ ಮನೇಲಿ?"

"ಹೌದು, ನನ್ನ ಮನೆ. ನೀನು ಯಾವಾಗ ತೊಲಗ್ತೀಯೋ ಅಂತ ದಿನ ಎಣಿಸ್ತಾ ಇದ್ದೀನಿ ಇಲ್ಲಿ."

ಹಾಗಂದೆ. ಬಾಯಿ ಜಾರಿತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ, ನೋಯಲಿ ಎಂದೇ ಅಂದಿದ್ದು. ಅವ್ವ ಧೂಪದ ತಟ್ಟೆಯನ್ನು ಸಿಂಕಿನಲ್ಲಿಟ್ಟು, ಕೆಂಡದ ಮೇಲೆ ನೀರು ಬಿಟ್ಟು ಮೇಲೆ ಹೋದಳು. ನಾನು ಕುರ್ಚಿ ಹತ್ತಿ ಅಲಾರಾಮನ್ನು ತಿರುಚಿ ಕಿತ್ತು, ಬ್ಯಾಟರಿ ತೆಗೆದು, ಅಡುಗೆಮನೆಯ ಡ್ರಾಯರಿನಲ್ಲಿ ಲಟ್ಟಣಿಗೆಯ ಪಕ್ಕ ಎಸೆದೆ. ಈ ಊರಿನಲ್ಲಿ ನಮ್ಮವರ ಎಷ್ಟು ಮನೆಗಳ ಅಲಾರಾಮು ಹೀಗೆ ಡ್ರಾಯರಿನಲ್ಲಿ ಮಲಗಿದೆಯೋ ದೇವರಿಗೇ ಗೊತ್ತು. ಅದು ಬರೀ ಹೊಗೆಗೆ ಎಂದು ನಾನು ತಿಳಿದಿದ್ದೆ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಇನ್ನೊಂದಕ್ಕೂ ಅದೇ ಕಾವಲು ಎಂದು ಡಬ್ಬದ ಮೇಲೆ ಬರೆದಿತ್ತಂತೆ. ನಾನು ಓದಿರಲಿಲ್ಲ.

ಮಾರನೆಯ ದಿನ ಬೆಳಗ್ಗೆಯೇ ಗಂಡ, ಮಗಳು ಇಬ್ಬರೂ ಸಾಕರ್ ಪಂದ್ಯಕ್ಕೆಂದು ಮಾರ್ಗನ್ ಹಿಲ್‌ಗೆ ಹೊರಟರು, ಬರುವುದು ಸಂಜೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ನನ್ನ ಮನೆಯಲ್ಲಿ ನಾನೇ ಕಳ್ಳಿಯ ಹಾಗೆ ಬದುಕಬೇಕಾ ಎಂದುಕೊಂಡು ಟಾರ್ಪಾಲು ಎಳೆದು ಹಾಕಿದೆ. ಪೂರ್ತಿ ಧೈರ್ಯವೂ ಇರಲಿಲ್ಲ ಅನ್ನಿ. ಶನಿವಾರ ಅವ್ವ ಬಾಡು ಮುಟ್ಟುವುದಿಲ್ಲ, ತಿಮ್ಮಪ್ಪನ ವಾರ. ನನಗೂ ಒಂದು ತುಂಡು ಕೊಡು ಎಂದು ಕೇಳುವುದಿಲ್ಲ, ಕೇಳದಿದ್ದರೆ ಅವಳಿಗೆ ತಿಳಿಯದ ಹಾಗೆ ದನ ತಿನ್ನಿಸುವ ಪಾಪ ಮಾಡುವ ಪ್ರಮೇಯವೂ ಬರುವುದಿಲ್ಲ. ಇಷ್ಟು ಲೆಕ್ಕ ಹಾಕಿಯೇ ಆ ದಿನ ಆರಿಸಿಕೊಂಡಿದ್ದೆ. ಹಿತ್ತಿಲ ಬಾಗಿಲಿಗೆ ಬಂದು ಅವಳು ಒಮ್ಮೆ ಇಣುಕಿದಳು. ಗೊಬ್ಬರದ ಡ್ರಮ್ಮಿನಿಂದ ಹೊಗೆ ಬರುತ್ತಿತ್ತು.

"ಏನದು?"

"ಕುರಿ," ಅಂದೆ, ತಿರುಗಿ ನೋಡದೆ.

ಅವಳು ಒಳಗೆ ಹೋದಳು. ಹಿಂದಿನ ದಿನದಿಂದ ನಾವು ಆಡಿದ್ದು ಅಷ್ಟೇ ಮಾತು.

ಹನ್ನೆರಡರ ಹೊತ್ತಿಗೆ ಗಾಳಿ ಎದ್ದಿತು. ನಮ್ಮ ಕಡೆ ಮಧ್ಯಾಹ್ನದ ಗಾಳಿ ದಿನಾ ಬರುವುದೇ, ಗುಡ್ಡದ ಕಡೆಗೆ ಒಂದೇ ಸಮನೆ ಬೀಸುತ್ತದೆ. ಅವತ್ತು ಅದು ನನ್ನ ಹೊಗೆಯನ್ನು ಹೊತ್ತು ಪಕ್ಕದ ಮನೆಯ ಹಿತ್ತಿಲಿಗೆ ಸುರಿಯಿತು. ಪಕ್ಕದವರು ಹುಬ್ಬಳ್ಳಿಯವರು. ಅವರ ಮನೆಯ ಮುಂದೆ ಬೆಳಗಿನಿಂದ ಕಾರುಗಳು ಸಾಲು ನಿಂತಿದ್ದವು. ಸ್ವಲ್ಪ ಹೊತ್ತಿಗೆ ಬೇಲಿಯ ಆಚೆ ರೇಷ್ಮೆ ಸೀರೆಯುಟ್ಟ ಆ ಮನೆಯೊಡತಿಯ ತಲೆ ಕಂಡಿತು.

"ಏನ್ರೀ, ಏನ್ ಸುಡ್ಲಿಕ್ಹತ್ತೀರಿ? ಹೊಗಿ ಎಲ್ಲಾ ನಮ್ಮ ಮನ್ಯಾಗ ಬರ್ಲಿಕ್ಹತ್ತದ. ಸತ್ಯನಾರಾಯಣ ಪೂಜಾ ಅದ ಇವತ್ತ."

"ಬದನೆಕಾಯಿ," ಅಂದೆ. ಯಾಕಂದೆನೋ ಗೊತ್ತಿಲ್ಲ.

"ಮುಂಜಾನಿಂದ ಬದನಿಕಾಯಿ ಸುಡ್ಲಿಕ್ಹತ್ತೀರೇನು? ಊರಿಗೇ ಊಟಾ ಹಾಕ್ತೀರೇನ್ ಮತ್ತ?" ಎಂದು ಆಕೆ ನಕ್ಕಳು. ನಗುವಾಗಲೇ ಮೂಗು ಒಮ್ಮೆ ಅರಳಿತು. ಬದನೆಕಾಯಿ ಅಲ್ಲವೆಂದು ಮೂಗಿಗೆ ಗೊತ್ತಾಗಿತ್ತೋ ಏನೋ, ನನಗಂತೂ ಹಾಗನ್ನಿಸಿತು. ಪೂಜೆ ಮುಗಿದ ಮೇಲೆ ಅಷ್ಟೂ ಜನ ಪ್ರಸಾದ ತಿನ್ನುತ್ತಾ ಈ ವಾಸನೆಯ ಮಾತಾಡುವುದು ಕಣ್ಣಿಗೆ ಕಟ್ಟಿತು. ನಮ್ಮ ರಸ್ತೆಯಲ್ಲಿ ಎರಡು ಮನೆಗೊಂದು ಮನೆ ನಮ್ಮವರೇ. ಸಂಜೆ ವಾಕಿಂಗಿನಲ್ಲಿ ಅವ್ವ ಅವರೆಲ್ಲರ ಅತ್ತೆ, ತಾಯಂದಿರ ಜೊತೆ ಬೆಂಚಿನ ಮೇಲೆ ಕೂರುತ್ತಾಳೆ. ಒಬ್ಬರ ಬಾಯಿಂದ ಬಂದರೆ ಸಾಕಲ್ಲ.

ಆಗ ಸ್ಮೋಕರಿನ ಚಕ್ರದ ತಡೆ ಬಿಡಿಸಿ, ಪಕ್ಕದ ದಾರಿಯಲ್ಲಿ ತಳ್ಳಿಕೊಂಡು ಹೋಗಿ, ಗ್ಯಾರೇಜಿನೊಳಗೆ ನಿಲ್ಲಿಸಿದೆ. ದೊಡ್ಡ ಬಾಗಿಲನ್ನು ಮೊಣಕಾಲೆತ್ತರಕ್ಕೆ ಬಿಟ್ಟು ಉಳಿದದ್ದು ಇಳಿಸಿದೆ. ಹೊಗೆ ಹೋಗಲು ಅಷ್ಟು ಸಾಕು, ವಾಸನೆ ಊರಿಗೆ ಹಬ್ಬುವುದಿಲ್ಲ ಎಂದುಕೊಂಡೆ. ಉಪಾಯ ಹೊಳೆದದ್ದಕ್ಕೆ ಖುಷಿಯೂ ಆಯಿತು. ಮೂಢೆ. ಹದಿನೆಂಟು ವರ್ಷ ಎಂಜಿನಿಯರ್ ಕೆಲಸ ಮಾಡಿದ ಮೂಢೆ.

ಊಟವಾಗಿ ಅವ್ವ ಮೇಲೆ ಮಲಗಲು ಹೋದಳು. ಗ್ಯಾರೇಜಿನ ಬಾಗಿಲಿನ ಸಂದಿಯಿಂದ ಹೊರಬಂದ ಹೊಗೆ ಗೋಡೆ ಹಿಡಿದು ಏರಿ ನೇರ ಅವಳ ಕಿಟಕಿಗೇ ಹೋಗುತ್ತಿರುವುದು ನನಗೆ ಕಂಡಿತು. ಅವಳ ಮೂಗಿಗೆ ಇದು ಕುರಿಯಲ್ಲ ಎಂದು ಗೊತ್ತಾಗದೆ ಇರುತ್ತದೆಯೇ? ಮೇಲೆ ಹೋಗಿ ಕಿಟಕಿ ಎಳೆದೆ.

"ಇರ್ಲಿ ಬುಡು ಮಗಾ, ಗಾಳಿ ಆಡ್ತದೆ," ಅಂದಳು ಗೋಡೆಗೆ ಮುಖ ಮಾಡಿ ಮಲಗಿದ್ದವಳು.

"ಧೂಳು," ಅಂದೆ. ಬಾಗಿಲು ಮುಚ್ಚಿಕೊಂಡು ಹೊರಬಂದು, ಒಂದು ಟವೆಲು ಒದ್ದೆ ಮಾಡಿ ಬಾಗಿಲಡಿಯ ಸಂದಿಗೆ ತುರುಕಿದೆ.

ಈ ಮಾಂಸಕ್ಕೊಂದು ಹಟವಿದೆ. ಅರ್ಧ ಬೆಂದ ಮೇಲೆ ಅದರ ಕಾವು ಏರುವುದನ್ನು ನಿಲ್ಲಿಸಿಬಿಡುತ್ತದೆ. ಒಳಗಿನ ನೀರು ಬೆವರಿ ಬೆವರಿ ತಣ್ಣಗಾಗುತ್ತಿರುತ್ತದೆ, ನಾವೆಷ್ಟು ಕೆಂಡ ಹಾಕಿದರೂ ಥರ್ಮಾಮೀಟರಿನ ಮುಳ್ಳು ಅಲ್ಲೇ. ನೂರಾ ಅರವತ್ತು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಅವತ್ತು ಅದು ಎರಡು ಗಂಟೆ ಕೂತಿತು. ನಾನು ಹತ್ತು ನಿಮಿಷಕ್ಕೊಮ್ಮೆ ಗ್ಯಾರೇಜಿಗೆ ಹೋಗುವುದು, ಇಣುಕುವುದು, ಇನ್ನೆರಡು ಹಿಡಿ ಇದ್ದಿಲು ಹಾಕುವುದು, ಬರುವುದು. ಹಣೆಯ ನರ ಹೊಡೆದುಕೊಳ್ಳುತ್ತಿತ್ತು. ಕಾಫಿ ಕುಡಿದಿಲ್ಲವಲ್ಲ, ಅದಕ್ಕೇ ಎಂದುಕೊಂಡೆ.

ಎರಡೂವರೆಗೆ ಅವ್ವ ಮೆಟ್ಟಿಲ ಮೇಲೆ ಬಂದು ನಿಂತಳು. ಕಂಬಿ ಹಿಡಿದುಕೊಂಡಿದ್ದಳು. "ತಲೆ ಯಾಕೋ ಸಿಡೀತದೆ ಕಣೆ. ಒಟ್ಟೆ ಒಳ್ಗೆ ಕಲಸ್ದಂಗಾಯ್ತದೆ."

ಅವಳು ಕೆಳಗೆ ಬಂದರೆ ಅಡುಗೆಮನೆಯಲ್ಲಿ ಕೂರುತ್ತಾಳೆ, ಗ್ಯಾರೇಜಿನ ಬಾಗಿಲು ತೆಗೆಯುತ್ತಾಳೆ. ನನ್ನ ತಲೆಯಲ್ಲಿ ಓಡಿದ್ದು ಅದೊಂದೇ. ಅರ್ಧ ದಾರಿಯಲ್ಲೇ ತಡೆದು, ಒಂದು ಮಾತ್ರೆ ನುಂಗಿಸಿ, ತೋಳು ಹಿಡಿದು ವಾಪಸು ಮೇಲೆ ಕರೆದುಕೊಂಡು ಹೋದೆ. ಕೋಣೆಯಲ್ಲಿ ನೋಡಿದರೆ ಕಿಟಕಿ ಒಂದು ಗೇಣು ತೆರೆದಿತ್ತು. ಅವಳೇ ಎದ್ದು ತೆಗೆದಿದ್ದಳು. ನಾನು ಅದನ್ನು ಪುನಃ ಮುಚ್ಚಿ ಚಿಲಕ ಹಾಕಿದೆ. ಆ ಚಿಲಕ ತಿರುಗಿಸುವುದು ಅವಳಿಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. "ಮಲಕ್ಕೋ, ಸುಮ್ನೆ ಓಡಾಡ್ಬೇಡ," ಎಂದು ಗದರಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಯಾಕೆ ಹಾಗೆ ನೋಡುತ್ತಾಳೆ ಎಂದು ಕಿರಿಕಿರಿಯಾಯಿತು. ಹೊರಗೆ ಬಂದು ಟವೆಲನ್ನು ಮತ್ತೆ ಸಂದಿಗೆ ಒತ್ತಿದೆ.

ಮೂರೂವರೆಯ ಹೊತ್ತಿಗೆ ಮುಳ್ಳು ಅಲುಗಿತು. ನೂರಾ ಎಪ್ಪತ್ತು, ಎಂಬತ್ತು. ನಾನು ಗೆದ್ದವಳ ಹಾಗೆ ನಿಂತಿದ್ದೆ. ಅವತ್ತಿನ ದಿನ ಆ ಮಾಂಸದ ಮೈಕಾವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ, ಅವ್ವನ ಹಣೆಯನ್ನು ಒಮ್ಮೆಯೂ ಮುಟ್ಟಿ ನೋಡಲಿಲ್ಲ.

ನಾಲ್ಕು ಗಂಟೆಗೆ ಕಾಫಿ ಹಿಡಿದು ಮೇಲೆ ಹೋದೆ. ಮೆಟ್ಟಿಲು ಹತ್ತುವಾಗ ಕಾಲು ಯಾರದ್ದೋ ಅನ್ನಿಸಿತು. ಬಾಗಿಲು ತಳ್ಳಿದೆ. ಅವ್ವ ಮಂಚದ ಅಂಚಿಗೆ ಜಾರಿ, ಒಂದು ಕೈ ನೆಲಕ್ಕೆ ಬಿಟ್ಟು ಬಿದ್ದಿದ್ದಳು. ದಿಂಬಿನ ಮೇಲೆ ವಾಂತಿ. ಕರೆದರೆ ಕಣ್ಣು ಅರ್ಧ ತೆರೆಯಿತು.

"ಬಸ್ ಬತ್ತಾ?" ಅಂದಳು.

ಲಕ್ವ ಹೊಡೆದಿದೆ ಎಂದುಕೊಂಡೆ. ತುರ್ತು ನೆರವಿನ ನೈನ್ ಒನ್ ಒನ್‌ಗೆ ಫೋನು ಮಾಡಿದೆ. ಅಲ್ಲಿನ ಹೆಂಗಸು ಎಲ್ಲ ಕೇಳಿಕೊಂಡು, ಮನೆಯಲ್ಲಿ ಬೇರೆ ಯಾರಿಗಾದರೂ ಹುಷಾರಿಲ್ಲವಾ ಅಂದಳು. ನನಗೂ ತಲೆನೋವು, ಕಾಲಲ್ಲಿ ಬಲವಿಲ್ಲ ಅಂದೆ. ಅವಳ ದನಿ ಬದಲಾಯಿತು. ಮನೆಯೊಳಗೆ ಏನಾದರೂ ಉರಿಯುತ್ತಿದೆಯಾ ಎಂದು ಕೇಳಿದಳು. ಆಗ ಗೊತ್ತಾಯಿತು. ಒಂದೇ ಸಲಕ್ಕೆ ಎಲ್ಲ ಗೊತ್ತಾಯಿತು. ಕಾಲ ಕೆಳಗಿನ ನೆಲ, ಅದರ ಕೆಳಗಿನ ಕೆಂಡ, ಡ್ರಾಯರಿನಲ್ಲಿದ್ದ ಅಲಾರಾಮು. ಈಗಲೇ ಹೊರಗೆ ಹೋಗಿ, ಏನನ್ನೂ ತೆಗೆದುಕೊಳ್ಳಬೇಡಿ, ಹೊರಗೆ ಹೋಗಿ ಎಂದು ಆಕೆ ಹೇಳುತ್ತಲೇ ಇದ್ದಳು.

ಎತ್ತಲು ಆಗಲಿಲ್ಲ. ಹೊದಿಕೆಯ ಮೇಲೆ ಮಲಗಿಸಿ, ಅದರ ಎರಡು ತುದಿ ಹಿಡಿದು ಎಳೆದೆ. ಬಾಗಿಲಲ್ಲಿ ಒದ್ದೆ ಟವೆಲು ಹೊದಿಕೆಗೆ ಸಿಕ್ಕಿಕೊಂಡು ಅಡ್ಡ ನಿಂತಿತು. ಕಾಲಲ್ಲಿ ಒದ್ದು ಸರಿಸಿದೆ. ಮೆಟ್ಟಿಲ ಮೇಲೆ ಅವಳ ಹಿಮ್ಮಡಿ ಒಂದೊಂದು ಮೆಟ್ಟಿಲಿಗೂ ಬಡಿಯುತ್ತಿತ್ತು. ನಾನು ಅಳುತ್ತಿದ್ದೆನೋ ಬಯ್ಯುತ್ತಿದ್ದೆನೋ ತಿಳಿಯದು. ಮುಂಬಾಗಿಲು ದಾಟಿ ಹುಲ್ಲಿನ ಮೇಲೆ ಅವಳನ್ನು ಹಾಕಿ, ಪಕ್ಕದಲ್ಲೇ ಕುಸಿದೆ.

ಪೂಜೆ ಮನೆಯಿಂದ ಆ ಹುಬ್ಬಳ್ಳಿಯ ಹೆಂಗಸು ಓಡಿ ಬಂದಳು. ರೇಷ್ಮೆ ಸೀರೆಯಲ್ಲೇ ಹುಲ್ಲಿನ ಮೇಲೆ ಕೂತು ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ವಾಂತಿ ಸೀರೆಗೆ ಹತ್ತಿತು, ಆಕೆ ನೋಡಲೂ ಇಲ್ಲ. "ಕಣ್ ತಗೀರಿ ಅಮ್ಮಾ, ನಮ್ಮ ಕಡೆ ನೋಡ್ರಿ," ಎನ್ನುತ್ತಲೇ ಇದ್ದಳು. ಅಗ್ನಿಶಾಮಕದವರು ಬಂದರು. ಒಬ್ಬ ಇದ್ದಿಲಿನ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್, ಅಳೆಯುವ ಮೀಟರು ಹಿಡಿದು ಒಳಗೆ ಹೋದ, ಅದು ಕಿರುಚುವುದು ಹೊರಗೆ ನಮಗೂ ಕೇಳಿತು. ಇನ್ನಿಬ್ಬರು ಗ್ಯಾರೇಜಿನ ಬಾಗಿಲೆತ್ತಿ ಸ್ಮೋಕರನ್ನು ಹೊರಗೆಳೆದು ಡ್ರೈವ್‌ವೇಯಲ್ಲಿ ನಿಲ್ಲಿಸಿದರು.

"ಇದರಲ್ಲಿ ಏನಿದೆ?" ಎಂದು ಒಬ್ಬ ಇಂಗ್ಲಿಷಿನಲ್ಲಿ ಕೇಳಿದ.

"ಬೀಫ್," ಅಂದೆ. ಪಕ್ಕದ ಮನೆಯ ಅಷ್ಟೂ ಜನ ಬೇಲಿಯ ಹತ್ತಿರ ನಿಂತಿದ್ದರು. ಆ ಹೆಂಗಸು ಅವ್ವನ ಹಣೆ ಒರೆಸುತ್ತಿದ್ದ ಕೈಯನ್ನೂ ನಿಲ್ಲಿಸಲಿಲ್ಲ. ಅವನು ಕೇಳಿದ್ದು ಯಾವ ಇದ್ದಿಲು, ಎಷ್ಟು ಹೊತ್ತಿನಿಂದ ಉರಿಯುತ್ತಿದೆ ಎಂದು. ಮಾಂಸ ಯಾವುದಾದರೆ ಅವನಿಗೇನು. ನಾನು ಬೆಳಗಿನಿಂದ ಯಾವುದನ್ನು ಬಚ್ಚಿಡಲು ಹೆಣಗಿದೆನೋ ಅದು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಆಸ್ಪತ್ರೆಯಲ್ಲಿ ಅವ್ವನಿಗೆ ಆಮ್ಲಜನಕದ ಮಾಸ್ಕು ಕಟ್ಟಿ ರಕ್ತ ತೆಗೆದುಕೊಂಡು ಹೋದರು. ನನಗೂ ಒಂದು ಕಟ್ಟಿದರು. ಮೊದಲ ಒಂದು ಗಂಟೆ ಯಾರೂ ಏನೂ ಹೇಳಲಿಲ್ಲ. ಡಾಕ್ಟರು ಬಂದು ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಹೋಗಿ, ಮತ್ತೆ ಬಂದರು. ಆ ಗಂಟೆಯಲ್ಲಿ ನಾನು ದೇವರಿಗೆ ಏನೇನು ಮಾತು ಕೊಟ್ಟೆನೋ ಹೇಳಲು ನಾಚಿಕೆಯಾಗುತ್ತದೆ. ಆರರ ಹೊತ್ತಿಗೆ ಅವಳು ನನ್ನ ಹೆಸರು ಹಿಡಿದು ಕರೆದಳು. ನೀರು ಕೇಳಿದಳು. ಬದುಕಿದಳು ಅನ್ನಿಸಿತು, ಗೋಡೆಗೆ ಒರಗಿ ಅತ್ತೆ.

ಆಮೇಲೆ ನರ್ಸು ಒಂದು ಸ್ಪೀಕರ್ ಫೋನು ತಂದಳು. ರೋಗಿಯ ಹತ್ತಿರ ಕೆಲವು ಪ್ರಶ್ನೆ ಕೇಳಬೇಕು, ಮನೆಯವರು ಅನುವಾದ ಮಾಡುವ ಹಾಗಿಲ್ಲ, ಕನ್ನಡದ ದುಭಾಷಿ ಫೋನಿನಲ್ಲಿದ್ದಾರೆ, ನೀವು ಸ್ವಲ್ಪ ಹೊರಗಿರಿ ಅಂದಳು. ಪರದೆಯ ಆಚೆ ನಿಂತೆ. ಎಲ್ಲಿಂದಲೋ ಒಬ್ಬ ಗಂಡಸಿನ ದನಿ ಪುಸ್ತಕದ ಕನ್ನಡದಲ್ಲಿ ಮಾತಾಡಿತು. ಹೆಸರು, ಹುಟ್ಟಿದ ವರ್ಷ, ಈಗ ನೀವು ಎಲ್ಲಿದ್ದೀರಿ. ಅವ್ವ ಎಲ್ಲಕ್ಕೂ ಮಾಸ್ಕಿನೊಳಗಿಂದ ಉತ್ತರ ಕೊಟ್ಟಳು. ನಂತರ ಆ ದನಿ ಕೇಳಿತು: "ನೀವು ವಾಸಿಸುವ ಮನೆಯಲ್ಲಿ ನೀವು ಸುರಕ್ಷಿತವಾಗಿದ್ದೀರಾ? ನಿಮಗೆ ಯಾರಾದರೂ ತೊಂದರೆ ಕೊಡುತ್ತಿದ್ದಾರಾ?"

ಇಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆ ಅದು, ನನ್ನನ್ನೂ ಕೇಳಿದ್ದಾರೆ. ಯಾರೇ ಆದರೂ ತಕ್ಷಣ ಉತ್ತರಿಸಿಬಿಡುತ್ತಾರೆ. ಅವ್ವ ಉತ್ತರಿಸಲಿಲ್ಲ. ಆಮ್ಲಜನಕ ಬುಸುಗುಡುವುದು ಮಾತ್ರ ಕೇಳುತ್ತಿತ್ತು. ದುಭಾಷಿ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದ.

"ನನ್ ಮಗಳ್ ಮನೆ ಕಣಪ್ಪ," ಅಂದಳು ಕೊನೆಗೆ. "ಯಾರೂ ಏನೂ ಮಾಡ್ನಿಲ್ಲ."

ನನ್ನನ್ನು ಒಳಗೆ ಬಿಟ್ಟರು. ಹತ್ತಿರ ಹೋಗಿ ಕೈ ಹಿಡಿದೆ. ಅವ್ವ ಮಾಸ್ಕನ್ನು ಬೆರಳಲ್ಲಿ ಎತ್ತಿ, ಯಾರಿಗೂ ಕೇಳದ ಹಾಗೆ ಕೇಳಿದಳು.

"ಕಿಟ್ಕಿ ಯಾಕ್ ಮುಚ್ದೆ ಮಗಾ? ಬಾಗ್ಲಿಗ್ ಬಟ್ಟೆ ಯಾಕ್ ತುರುಕ್ದೆ?"

ಹೇಳಿಬಿಟ್ಟೆ. ಅದು ಕುರಿಯಲ್ಲ, ದನ. ಅದರ ವಾಸನೆ ನಿನ್ನ ಮೂಗಿಗೆ ಬರಬಾರದು ಅಂತ. ಅಷ್ಟಕ್ಕೇ ಕಿಟಕಿ, ಅಷ್ಟಕ್ಕೇ ಬಟ್ಟೆ. ಹೇಳಿ ತಲೆ ತಗ್ಗಿಸಿದೆ. ಇನ್ನು ನನ್ನ ಕೈ ಬಿಡುತ್ತಾಳೆ, ನನ್ನ ಮನೆಯ ನೀರೂ ಮುಟ್ಟುವುದಿಲ್ಲ ಎಂದುಕೊಂಡಿದ್ದೆ.

"ಅಷ್ಟೇನಾ?" ಅಂದಳು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಷ್ಟೇನಾ ಮಗಾ? ದಿಟವಾಗ್ಲೂ ಅಷ್ಟೇನಾ?" ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. "ನಾನು ಬ್ಯಾರೆ ಏನೋ ಅಂದ್ಕಂಬುಟ್ಟಿದ್ದೆ."

ಏನು ಅಂದುಕೊಂಡಿದ್ದೆ ಎಂದು ಕೇಳಬೇಕಾಗಿರಲಿಲ್ಲ. ಯಾವಾಗ ತೊಲಗುತ್ತೀಯೋ ಎಂದು ಶುಕ್ರವಾರ ನಾನು ಅಂದಿದ್ದು ಇಬ್ಬರಿಗೂ ನೆನಪಿತ್ತು. ಕಿಟಕಿಗೆ ಎರಡನೆಯ ಸಲ ಚಿಲಕ ಹಾಕುವಾಗ ಅವಳು ನನ್ನ ಮುಖದಲ್ಲಿ ಏನು ಹುಡುಕಿದಳು ಎಂಬುದು ಆಗ ನನಗೆ ಅರ್ಥವಾಯಿತು.

"ಅಂಗ್ ಅಂದ್ಕಂಡ್ ಮೇಲೂ ಯಾಕವ್ವ ಮಲಗೇ ಇದ್ದೆ?" ಅಂದೆ. "ಎದ್ದು ಬರ್ಬಾರ್ದಿತ್ತಾ?"

"ಎಲ್ಲಿಗ್ ಬರ್ಲಿ?" ಅಂದಳು ಅವ್ವ.